850 ವ್ಯಾಟ್ ಎಂದು ಬರೆದಿದ್ದರೆ 850 ವ್ಯಾಟ್ ಉರಿಯುತ್ತದೆಯೇ?

ಬೋಧನಾ ಅಭ್ಯಾಸದ ಅವಧಿಯಲ್ಲಿ ತಾಳಿಕೋಟೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಪಾಠ ಮಾಡುತ್ತಿದ್ದೆ. ಬಲ್ಬು, ನೀರು ಕಾಯಿಸುವ ಕಾಯಿಲ್‌ಗಳ ಲೆಕ್ಕ ಮುಗಿಸಿ, ಮನೆಯ ಅಥವಾ ಅಂಗಡಿಯ ಒಂದು ಉಪಕರಣದ ಮೇಲಿನ ವ್ಯಾಟ್ ಬರೆದು ತರಲು ಹೇಳಿದೆ. ಫೋಟೊ ಸ್ಟುಡಿಯೊ ನಡೆಸುವವರ ಮಗನೊಬ್ಬ ಮದುವೆ ವಿಡಿಯೊ ಎಡಿಟ್ ಮಾಡುವ ದೊಡ್ಡ ಕಂಪ್ಯೂಟರಿನ ಅಂಕಿ ತಂದ: 850 ವ್ಯಾಟ್. ದಿನಕ್ಕೆ ಹತ್ತು ತಾಸು ಓಡುತ್ತದೆ ಎಂದ. ನಾನು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿದೆ: ದಿನಕ್ಕೆ 8.5 ಯೂನಿಟ್, ತಿಂಗಳಿಗೆ 255 ಯೂನಿಟ್.

ಎರಡು ದಿನ ಬಿಟ್ಟು ಅವನು ಬಿಲ್ಲು ಹಿಡಿದುಕೊಂಡು ಬಂದ. “ಸರ್, ನಿಮ್ಮ ಲೆಕ್ಕ ಅಪ್ಪಾಗ ತೋರಿಸಿದೆ ರಿ. ಬಿಲ್ಲೆಲ್ಲಾ ಇದರದ್ದ ಐತಿ, ಮಾರಿಬಿಡ್ತೀನಿ ಅನ್ನಾಕತ್ಯಾರ್ರಿ. ಆದ್ರ ಬಿಲ್ಲಿನ್ಯಾಗ ಇಡೀ ಅಂಗಡಿಗೇ 142 ಯೂನಿಟ್ ಐತಲ್ರಿ?”

ನನ್ನ ಬಳಿ ಉತ್ತರವಿರಲಿಲ್ಲ. ಗುಣಾಕಾರ ಸರಿಯಿತ್ತು, ಗುಣಿಸಿದ ಅಂಕಿಯೇ ತಪ್ಪಿತ್ತು.

ತಪ್ಪು ಎಲ್ಲಿತ್ತು?

ಆ 850 ಇದ್ದದ್ದು ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ. ಅದು ಒಳಗಿನ ಭಾಗಗಳಿಗೆ ಗರಿಷ್ಠ ಎಷ್ಟು ಸಾಮರ್ಥ್ಯ ಕೊಡಬಲ್ಲದು ಎಂಬ ಮಿತಿ. ದಿನವಿಡೀ ಬಳಸುವ ಪ್ರಮಾಣವಲ್ಲ. ಮನೆಯಲ್ಲಿ ನೂರು ಕಿಲೋ ಹಿಡಿಯುವ ಜೋಳದ ಚೀಲವಿದೆ ಎಂದರೆ ದಿನಾ ನೂರು ಕಿಲೋ ಜೋಳ ಉಣ್ಣುತ್ತೇವೆಯೇ?

ಕಾಯಿಲ್‌ನ ರೋಧ ಹೆಚ್ಚುಕಡಿಮೆ ಸ್ಥಿರ. ಆದ್ದರಿಂದ ನಿಗದಿತ ವೋಲ್ಟೇಜಿನಲ್ಲಿ ಅದು ಬರೆದಷ್ಟೇ ಸಾಮರ್ಥ್ಯ ಬಳಸುತ್ತದೆ. ಕಂಪ್ಯೂಟರ್ ಹಾಗಲ್ಲ. ಪ್ರೊಸೆಸರಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಆನ್-ಆಫ್ ಆಗುವಾಗ ಶಕ್ತಿ ಖರ್ಚಾಗುತ್ತದೆ. ಕೆಲಸವಿಲ್ಲದಾಗ ಅದು ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರಿಗೆ ಕಂಪನಿಯೇ ಎರಡು ಅಂಕಿ ಕೊಡುತ್ತದೆ: ಮೂಲ 125 ವ್ಯಾಟ್, ಗರಿಷ್ಠ 253 ವ್ಯಾಟ್. ಗ್ರಾಫಿಕ್ಸ್ ಕಾರ್ಡಿನದೂ ಇದೇ ರೀತಿ.

ಇನ್ನೊಂದು ಅಂಶವಿದೆ. ಎಸ್‌ಎಂಪಿಎಸ್‌ನ ದಕ್ಷತೆ ಶೇ. 90 ಇದ್ದರೆ, ಭಾಗಗಳಿಗೆ 400 ವ್ಯಾಟ್ ಕೊಡಲು ಅದು ಗೋಡೆಯ ಪ್ಲಗ್ಗಿನಿಂದ ಸುಮಾರು 444 ವ್ಯಾಟ್ ಎಳೆಯುತ್ತದೆ. ಉಳಿದದ್ದು ಶಾಖವಾಗುತ್ತದೆ. ಬಿಲ್ಲು ಬರುವುದು ಪ್ಲಗ್ಗಿನಿಂದ ಎಳೆದದ್ದಕ್ಕೆ.

ಮೀಟರಿನಿಂದಲೇ ಅಳತೆ

ಮಾರ್ಗದರ್ಶಕ ಶಿಕ್ಷಕರು ಒಂದೇ ಮಾತು ಹೇಳಿದರು: “ವಾದ ಬ್ಯಾಡ, ಅಳದು ನೋಡ್ರಿ.” ಭಾನುವಾರ ಹುಡುಗನ ತಂದೆಯ ಒಪ್ಪಿಗೆ ಪಡೆದು ಅಂಗಡಿಗೆ ಹೋದೆವು. ಅಲ್ಲಿನ ಡಿಜಿಟಲ್ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಮಿನುಗು ಎಂದು ನಮೂದಾಗಿತ್ತು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಹಾಗಾಗಿ ಕೆಂಪು ದೀಪದ ಒಂದು ಮಿನುಗಿಗೆ 1125 ಜೂಲ್. ಐದು ನಿಮಿಷ ಎಣಿಸಿದರೆ ಪ್ರತಿ ಮಿನುಗಿಗೆ 3.75 ವ್ಯಾಟ್. ಫ್ಯಾನು, ದೀಪ, ಪ್ರಿಂಟರ್ ಎಲ್ಲ ಆರಿಸಿ, ಮಾನಿಟರ್ ಸಹಿತ ಕಂಪ್ಯೂಟರ್ ಮಾತ್ರ ಬಿಟ್ಟು, ಮೀಟರನ್ನು ಮುಟ್ಟದೆ ದೂರದಿಂದ ಎಣಿಸಿದೆವು.

ಸುಮ್ಮನೆ ಆನ್ ಇದ್ದಾಗ: 32 ಮಿನುಗು, 120 ವ್ಯಾಟ್
ಫೋಟೊ ತಿದ್ದುವಾಗ: 52 ಮಿನುಗು, 195 ವ್ಯಾಟ್
ವಿಡಿಯೊ ರೆಂಡರ್ ಆಗುವಾಗ: 124 ಮಿನುಗು, 465 ವ್ಯಾಟ್

ದಿನಕ್ಕೆ ಮೂರು ತಾಸು ಸುಮ್ಮನೆ, ಐದು ತಾಸು ಫೋಟೊ, ಎರಡು ತಾಸು ರೆಂಡರ್ ಎಂದು ತಂದೆ ಹೇಳಿದರು. ಒಟ್ಟು 2.265 ಯೂನಿಟ್, ತಿಂಗಳಿಗೆ ಸುಮಾರು 68. ನನ್ನ 255ಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ? ಮೂರು ತಾಸು ಸುಮ್ಮನೆ ಇರುವಾಗ ಸ್ಲೀಪ್‌ಗೆ ಹಾಕಿದರೆ ತಿಂಗಳಿಗೆ ಹತ್ತು ಯೂನಿಟ್ಟಿನಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಹುಡುಗನೇ ಹಾಕಿದ. ತಂದೆ ಮಾರುವ ಮಾತು ಬಿಟ್ಟು, “ಹಂಗಾರ ಉಳಿದ ಯೂನಿಟ್ ಯಾವುದು ತಿನ್ನಾಕತ್ತೈತ್ರಿ?” ಎಂದು ಕೇಳಿದರು. ಅದು ಮಕ್ಕಳ ಮುಂದಿನ ಚಟುವಟಿಕೆಯಾಯಿತು.

ತರಗತಿಯಲ್ಲಿ ತಿದ್ದಿಕೊಂಡದ್ದು

ಸೋಮವಾರ ಹಳೆಯ ಲೆಕ್ಕವನ್ನು ಮತ್ತೆ ಹಲಗೆಯ ಮೇಲೆ ಬರೆದು, “ಇದು ನನ್ನ ತಪ್ಪು, ಎಲ್ಲಿ ಎಂದು ಹುಡುಕಿ” ಎಂದೆ. ಚರ್ಚೆ ನಮ್ಮ ಜಿಲ್ಲೆಯ ವಿದ್ಯುತ್ ಕೇಂದ್ರಗಳವರೆಗೆ ಹೋಯಿತು. ಕೂಡಗಿ ಸ್ಥಾವರದ 2400 ಮೆಗಾವ್ಯಾಟ್, ಆಲಮಟ್ಟಿಯ 290 ಮೆಗಾವ್ಯಾಟ್ ಕೂಡ ಸ್ಥಾಪಿತ ಸಾಮರ್ಥ್ಯಗಳೇ. ಬೇಸಿಗೆಯಲ್ಲಿ ಆಲಮಟ್ಟಿಯಿಂದ ನೀರು ಬಿಡದಿದ್ದರೆ ಟರ್ಬೈನು ತಿರುಗುವುದೆಲ್ಲಿ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕಲಿಕಾಂಶ ಮುಟ್ಟಿದೆ ಎಂದು ನನಗೆ ಗೊತ್ತಾದದ್ದು ಆಗ.

ಪಾಠದಲ್ಲಿ ಬಲ್ಬು ಮತ್ತು ಕಾಯಿಲ್‌ಗಳನ್ನಷ್ಟೇ ಉದಾಹರಣೆ ಕೊಟ್ಟರೆ, ಬರೆದ ವ್ಯಾಟೇ ಬಳಕೆ ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಬೇರೂರುತ್ತದೆ. ನನ್ನಲ್ಲೂ ಹಾಗೆಯೇ ಬೇರೂರಿತ್ತು. ಈಗ ನನ್ನ ಪಾಠಯೋಜನೆಯಲ್ಲಿ ಗುಣಾಕಾರಕ್ಕೆ ಮೊದಲು ಒಂದು ಪ್ರಶ್ನೆ ಸೇರಿಸಿದ್ದೇನೆ: ಈ ಅಂಕಿ ಉಪಕರಣದ ಬಳಕೆಯೋ, ಮಿತಿಯೋ? ತರಗತಿಯ ಲೆಕ್ಕ ಮನೆಗೆ ಹೋಗುತ್ತದೆ. ಅದನ್ನು ನಂಬಿ ಜನ ನಿರ್ಧಾರ ಮಾಡುತ್ತಾರೆ.