ಅವಳಿ ನಗರದ ಬಂಡವಾಳ

ತುಂಗೆಯ ದಡದಲ್ಲಿ ಶಿವಮೊಗ್ಗ, ಭದ್ರೆಯ ದಡದಲ್ಲಿ ಭದ್ರಾವತಿ. ನಡುವೆ ಇರುವುದು ಸುಮಾರು 20 ಕಿಲೋಮೀಟರುಗಳ ದಾರಿ. ನದಿಗಳೆರಡೂ ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗಿ ಮುಂದೆ ಹರಿಯುತ್ತವೆ. ಊರುಗಳೆರಡೂ ಹೆದ್ದಾರಿಯ ಬದಿಯ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದನ್ನೊಂದು ಮುಟ್ಟಲು ಹವಣಿಸುತ್ತಿವೆ. ನಗರಾಭಿವೃದ್ಧಿ ಪ್ರಾಧಿಕಾರವೂ ಎರಡಕ್ಕೂ ಒಂದೇ. ಇಂಥಲ್ಲಿ ಉದ್ಯಮ ಹೂಡಲು ಬರುವವನು ಏನನ್ನು ನೋಡಿ ಬರುತ್ತಾನೆ? ನೆಲವನ್ನೇ, ನೀರನ್ನೇ, ರಸ್ತೆಯನ್ನೇ, ಅಥವಾ ಜನರನ್ನೇ? ನೂರು ವರ್ಷಗಳ ಅನುಭವದಿಂದ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಊರುಗಳು ಇವು.

ಬೆಂಕಿಪುರದ ಲೆಕ್ಕಾಚಾರ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಕಬ್ಬಿಣದ ಕಾರ್ಖಾನೆಗೆ ಈ ಸ್ಥಳವನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಅದಿರು, ಊರ ಪಕ್ಕದಲ್ಲೇ ಭದ್ರೆಯ ನೀರು, 1899ರಲ್ಲೇ ಬೀರೂರಿನಿಂದ ಶಿವಮೊಗ್ಗದವರೆಗೆ ಬಂದಿದ್ದ ರೈಲು. ಕೊರತೆಯಿದ್ದದ್ದು ಕಲ್ಲಿದ್ದಲಿನದು. ಮಲೆನಾಡಿನ ಕಾಡಿನ ಸೌದೆಯನ್ನು ಸುಟ್ಟು ಇದ್ದಿಲು ಮಾಡಿ ಆ ಕೊರತೆಯನ್ನು ತುಂಬಿದರು. 1923ರ ಜನವರಿಯಲ್ಲಿ ಕುಲುಮೆಯಿಂದ ಬೀಡುಕಬ್ಬಿಣ ಹರಿಯಿತು. ಮಹಾಯುದ್ಧದ ಅನಂತರ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೆ ಸಿಲುಕಿದಾಗ, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮರಳಿ ಬಂದು ಆಡಳಿತದ ಹೊಣೆ ಹೊತ್ತು ಅದನ್ನು ದಡ ಸೇರಿಸಿದರು. ಮುಂದೆ ಉಕ್ಕು ಬಂತು, ಸಿಮೆಂಟು ಬಂತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರುಗಳೇ ಈ ಕಥೆಯನ್ನು ಹೇಳುತ್ತವೆ.

ಲೆಕ್ಕ ತಪ್ಪಿದಾಗ

ಪ್ರಕೃತಿ ಕೊಟ್ಟದ್ದು ಎಂದೆಂದಿಗೂ ಕೈಯಲ್ಲಿ ಉಳಿಯುವುದಿಲ್ಲ. ಕಾಡಿನ ಇದ್ದಿಲಿಗೆ ಮಿತಿಯಿತ್ತು. ಕೆಮ್ಮಣ್ಣುಗುಂಡಿಯ ಗಣಿ ನಿಂತಮೇಲೆ ಅದಿರಿಗಾಗಿ ಹೊರಗೆ ನೋಡಬೇಕಾಯಿತು. ದೂರದಿಂದ ಬಂದ ಅದಿರಿನಲ್ಲಿ ಮಾಡಿದ ಉಕ್ಕು, ಗಣಿಯ ಬಾಗಿಲಲ್ಲೇ ಕುಳಿತ ದೊಡ್ಡ ಕಾರ್ಖಾನೆಗಳ ಉಕ್ಕಿನೊಡನೆ ಬೆಲೆಯಲ್ಲಿ ಹೇಗೆ ಸ್ಪರ್ಧಿಸೀತು? 1998ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2015ರ ಸುಮಾರಿಗೆ ಕಾಗದದ ಕಾರ್ಖಾನೆಯ ಯಂತ್ರಗಳು ಮೌನವಾದವು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತು. ಕಾರ್ಖಾನೆಯ ಸಂಬಳದ ದಿನವನ್ನೇ ನಂಬಿ ಕಿರಾಣಿ ಅಂಗಡಿಯಿಂದ ಚಿನ್ನದಂಗಡಿಯವರೆಗೆ ನಡೆಯುತ್ತಿದ್ದ ಊರಿಗೆ, ಒಂದೇ ಕಂಬದ ಮೇಲೆ ನಿಂತ ಮನೆ ಎಷ್ಟು ಭದ್ರವೆಂಬುದು ಆಗ ಅರಿವಾಯಿತು.

ಅಡಿಕೆಯ ಪೇಟೆ

ಶಿವಮೊಗ್ಗದ ದಾರಿ ಬೇರೆ. ಅಲ್ಲಿನ ಸಿರಿ ಹಳ್ಳಿಗಳ ತೋಟಗಳಿಂದ ಬರುವ ಅಡಿಕೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡವಾಗಿ ಬಂದ ಅಡಿಕೆಯನ್ನು ವರ್ತಕರು ಪರೀಕ್ಷಿಸಿ ಟೆಂಡರಿನಲ್ಲಿ ಬೆಲೆ ಬರೆಯುತ್ತಾರೆ. ಬೆಳೆಗಾರನಿಗೆ ನ್ಯಾಯವಾದ ತೂಕ, ನ್ಯಾಯವಾದ ಬೆಲೆ ದೊರೆಯಲೆಂದು ಬೆಳೆಗಾರರೇ 1939ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಮಾಮ್ಕೋಸ್. ಇಲ್ಲಿ ಬೆಲೆ ಏರಿಳಿದರೂ ಪೇಟೆ ಬೇರೆಡೆಗೆ ಹೋಗಲಿಲ್ಲ. ಏಕೆಂದರೆ ಪೇಟೆಯ ಮೂಲಧನ ಹಣವಲ್ಲ, ನಂಬಿಕೆ. ತೂಕದಲ್ಲಿ ಮೋಸವಿಲ್ಲ, ಹಣ ಕೈಸೇರುತ್ತದೆ ಎಂಬ ಭರವಸೆಯಿದ್ದಲ್ಲಿಗೆ ಮಾರುವವನೂ ಬರುತ್ತಾನೆ, ಕೊಳ್ಳುವವನೂ ಬರುತ್ತಾನೆ.

ಉಳಿದದ್ದು ಕೈ

ಭದ್ರಾವತಿಯಲ್ಲಿ ಕುಲುಮೆಯ ಬೆಂಕಿ ತಗ್ಗಿದರೂ ಒಂದು ಸಂಪತ್ತು ಉಳಿಯಿತು: ಕರಗಿದ ಲೋಹದ ಬಣ್ಣ ನೋಡಿ ಅದರ ಹದ ಹೇಳಬಲ್ಲ ಕಣ್ಣು, ಅಚ್ಚು ಕಟ್ಟಬಲ್ಲ ಕೈ. ಇಂದು ಅವಳಿ ನಗರದ ಎರಕದ ಕಾರ್ಖಾನೆಗಳಲ್ಲಿ ವಾಹನಗಳ ಬಿಡಿಭಾಗಗಳು ತಯಾರಾಗುತ್ತವೆ. ಅವುಗಳಿಗೆ ಬೇಕಾದ ವಿದ್ಯೆ ಇದೇ. ಉಕ್ಕಿನ ಕಾರ್ಖಾನೆಯ ಬೆಳ್ಳಿಹಬ್ಬದ ಹೆಸರು ಹೊತ್ತ ಪಾಲಿಟೆಕ್ನಿಕ್ ಭದ್ರಾವತಿಯಲ್ಲಿದೆ; ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಸೋಗಾನೆಯಲ್ಲಿ 3,200 ಮೀಟರು ಓಡುದಾರಿಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು.

ವಿಮಾನ ನಿಲ್ದಾಣ ಬೇಕು, ಹೆದ್ದಾರಿ ಬೇಕು, ತಪ್ಪದ ವಿದ್ಯುತ್ತೂ ಬೇಕು. ಆದರೆ ಅಗ್ಗದ ನೆಲವನ್ನೂ ತೆರಿಗೆಯ ರಿಯಾಯಿತಿಯನ್ನೂ ಯಾವ ಊರಾದರೂ ಕೊಟ್ಟೀತು. ಮೂರು ತಲೆಮಾರುಗಳ ಕೈಚಳಕವನ್ನೂ ಎಂಟು ದಶಕಗಳ ವ್ಯಾಪಾರದ ನಂಬಿಕೆಯನ್ನೂ ಸರ್ಕಾರದ ಒಂದು ಆಜ್ಞೆಯಿಂದ ಪಡೆಯಲಾಗದು. ಅಪ್ಪ ಕುಲುಮೆಯ ಮುಂದೆ ಕಲಿತದ್ದನ್ನು ಮಗ ಬೆಂಗಳೂರಿಗೆ ಹೊತ್ತೊಯ್ದರೆ ಊರಿನ ಬಂಡವಾಳ ಅಷ್ಟರಮಟ್ಟಿಗೆ ಕರಗಿದಂತೆ. ಅವನಿಗೆ ಇಲ್ಲಿಯೇ ದುಡಿಮೆ ದೊರೆತರೆ, ಹೊರಗಿನ ಬಂಡವಾಳ ತಾನಾಗಿಯೇ ದಾರಿ ಹುಡುಕಿಕೊಂಡು ಬರುತ್ತದೆ. ಬೆಂಕಿಪುರದ ಬೆಂಕಿ ಈಗ ಕಾಯಬೇಕಾದದ್ದು ಆ ಕೈಗಳಲ್ಲಿ.