ಗಂಟಲು ಕ್ಯಾನ್ಸರ್: ಕುತ್ತಿಗೆಯ ದುಗ್ಧಗ್ರಂಥಿಗಳ ಸ್ಕ್ಯಾನ್ ಏಕೆ ಅಗತ್ಯ?

ಆದಿತ್ಯನಗರ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಗಂಟಲು ಕ್ಯಾನ್ಸರ್‌ಗೆ ತಂಬಾಕು ಮತ್ತು ಮದ್ಯ ಸೇವನೆ ಪ್ರಮುಖ ಕಾರಣಗಳಾಗಿವೆ. ಕೆಲವರಲ್ಲಿ ಎಚ್‌ಪಿವಿ ವೈರಸ್‌ನಿಂದಲೂ ಈ ರೋಗ ಬರುತ್ತದೆ. ರೋಗ ದೃಢಪಟ್ಟ ಕೂಡಲೇ ಕುಟುಂಬದವರು ಕೇಳುವ ಮೊದಲ ಪ್ರಶ್ನೆ ‘ಗುಣವಾಗುವುದೇ?’ ಎಂಬುದು. ಇದರ ಉತ್ತರವು ಗಂಟಲಿನಲ್ಲಿರುವ ಗಡ್ಡೆಯ ಗಾತ್ರವನ್ನಷ್ಟೇ ಅಲ್ಲದೆ, ಕುತ್ತಿಗೆಯ ದುಗ್ಧಗ್ರಂಥಿಗಳ ಸ್ಥಿತಿಯನ್ನೂ ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ದುಗ್ಧಗ್ರಂಥಿಗಳ ಪಾತ್ರ

ದುಗ್ಧಗ್ರಂಥಿಗಳು ರೋಗಾಣುಗಳನ್ನು ತಡೆಯುವ, ಹುರುಳಿಕಾಳಿನಾಕಾರದ ಸಣ್ಣ ಗಂಟುಗಳು. ಗಂಟಲಿನಿಂದ ಹೊರಟ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಮೊದಲು ಕುತ್ತಿಗೆಯ ಗ್ರಂಥಿಗಳಲ್ಲಿ ನೆಲೆಸುತ್ತವೆ. ಬಹಳ ಮಂದಿಯಲ್ಲಿ ಇದು ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ನೋವಿಲ್ಲವೆಂಬ ಕಾರಣಕ್ಕೆ ಲೇಪ ಹಚ್ಚಿ ತಿಂಗಳುಗಟ್ಟಲೆ ಕಾಯುವುದು ಅಪಾಯಕರ.

ಸ್ಕ್ಯಾನ್‌ನಲ್ಲಿ ಗಮನಿಸಲಾಗುವ ಅಂಶಗಳು

1. ಗಾತ್ರ ಮತ್ತು ಆಕಾರ: ಅಡ್ಡಳತೆ ಸುಮಾರು 1 ಸೆಂ.ಮೀ. ಮೀರಿದ, ದುಂಡಗಾದ ಗ್ರಂಥಿಯನ್ನು ಸಂಶಯದಿಂದ ಪರಿಶೀಲಿಸಲಾಗುತ್ತದೆ.
2. ಒಳಭಾಗ: ನಡುವಿನ ಅಂಗಾಂಶ ನಾಶವಾಗಿದೆಯೇ ಎಂಬುದು.
3. ಸಂಖ್ಯೆ ಮತ್ತು ಸ್ಥಾನ: ಒಂದೇ ಗ್ರಂಥಿಯೇ, ಹಲವೇ, ಕುತ್ತಿಗೆಯ ಒಂದು ಬದಿಯೇ, ಎರಡೂ ಬದಿಯೇ ಎಂಬುದು.
4. ಹೊರಕವಚ: ರೋಗವು ಗ್ರಂಥಿಯ ಕವಚವನ್ನು ಭೇದಿಸಿ ಹೊರಗೆ ಹರಡಿದ್ದಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು. ಎಚ್‌ಪಿವಿ ಸಂಬಂಧವಿಲ್ಲದ ಗಂಟಲು ಕ್ಯಾನ್ಸರ್‌ನ ಹಂತ ನಿರ್ಧಾರದಲ್ಲಿ 2018ರಿಂದ ಈ ಅಂಶಕ್ಕೂ ಸ್ಥಾನ ನೀಡಲಾಗಿದೆ.

ಸ್ಕ್ಯಾನ್‌ನ ಮಿತಿ

ಕ್ಷಯರೋಗದಲ್ಲಿಯೂ ಕುತ್ತಿಗೆಯ ಗ್ರಂಥಿಗಳು ಊದಿಕೊಂಡು, ಸ್ಕ್ಯಾನ್‌ನಲ್ಲಿ ಇದೇ ರೀತಿ ಕಾಣಬಹುದು. ಅತಿ ಸಣ್ಣ ಕ್ಯಾನ್ಸರ್ ಕಣಗಳು ಕಾಣದೆಯೂ ಇರಬಹುದು. ಆದುದರಿಂದ ಸಂಶಯವಿರುವ ಗ್ರಂಥಿಯಿಂದ ಸೂಜಿಯ ಮೂಲಕ ಮಾದರಿ ತೆಗೆದು ಪರೀಕ್ಷಿಸಲಾಗುತ್ತದೆ. ಸ್ಕ್ಯಾನ್ ವರದಿ ಚಿಕಿತ್ಸೆಗೆ ದಾರಿ ತೋರುವುದೇ ಹೊರತು ರೋಗಿಯ ಆಯುಷ್ಯವನ್ನು ನಿಗದಿಪಡಿಸುವುದಿಲ್ಲ.

ಚಿಕಿತ್ಸೆಯ ನಂತರ

ವಿಕಿರಣ ಮತ್ತು ಕೀಮೋಥೆರಪಿ ಮುಗಿದ 12 ವಾರಗಳ ನಂತರ ಪೆಟ್-ಸಿ.ಟಿ. ಸ್ಕ್ಯಾನ್ ಮಾಡಿ, ರೋಗ ಉಳಿದಿದ್ದರೆ ಮಾತ್ರ ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡುವ ಕ್ರಮವನ್ನು ಬ್ರಿಟನ್ನಿನಲ್ಲಿ 564 ರೋಗಿಗಳಲ್ಲಿ ಪರಿಶೀಲಿಸಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳ ನಂತರ ಈ ಗುಂಪಿನಲ್ಲಿ ಶೇ. 84.9ರಷ್ಟು ಹಾಗೂ ಯೋಜಿತ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 81.5ರಷ್ಟು ರೋಗಿಗಳು ಬದುಕಿದ್ದರು. ಹೀಗೆ ಬಹುಪಾಲು ರೋಗಿಗಳಿಗೆ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಬಹುದೆಂದು ತಿಳಿದುಬಂದಿದೆ.

ಸಾರ್ವಜನಿಕರು ಮಾಡಬೇಕಾದುದು

ಕುತ್ತಿಗೆಯ ಗಂಟು, ಧ್ವನಿ ಬದಲಾವಣೆ ಅಥವಾ ನುಂಗಲು ತೊಂದರೆ ಮೂರು ವಾರ ಮೀರಿದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕೇಂದ್ರವು ಕಲಬುರಗಿಯಲ್ಲಿದೆ. ಅರ್ಹ ರೋಗಿಗಳು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆ ಪಡೆಯಬಹುದು. ಆಸ್ಪತ್ರೆಗೆ ಹೋಗುವಾಗ ಹಿಂದಿನ ಸ್ಕ್ಯಾನ್‌ನ ವರದಿಯೊಂದಿಗೆ ಫಿಲಂ ಅಥವಾ ಸಿ.ಡಿ.ಯನ್ನೂ ತಪ್ಪದೆ ಕೊಂಡೊಯ್ಯಬೇಕೆಂದು ಕೋರಲಾಗಿದೆ.