ಬಣಕಲ್‌ನಿಂದ ಯೂರೋಪಿಗೆ: ಕಾಫಿ ರಫ್ತಿನ ಅಪಾಯಗಳು ಮತ್ತು ಅವುಗಳ ನಿರ್ವಹಣೆ

ಚಾರ್ಮಾಡಿ ಘಾಟಿಯ ಮೇಲ್ಭಾಗದಲ್ಲಿರುವ ಮೂಡಿಗೆರೆ ತಾಲ್ಲೂಕಿನ ಬಣಕಲ್ ಪರಿಸರದಲ್ಲಿ ಬೆಳೆದ ಕಾಫಿಯು ಇಟಲಿ, ಜರ್ಮನಿ ಅಥವಾ ಬೆಲ್ಜಿಯಂ ತಲುಪುವ ಮುನ್ನ ಹಲವು ಕೈಗಳನ್ನು ದಾಟಬೇಕಾಗುತ್ತದೆ. ಬೆಳೆಗಾರ, ಸ್ಥಳೀಯ ವ್ಯಾಪಾರಿ, ಕ್ಯೂರಿಂಗ್ ಕಾರ್ಖಾನೆ, ರಫ್ತುದಾರ, ಬ್ಯಾಂಕು, ಹಡಗು ಕಂಪನಿ ಮತ್ತು ವಿದೇಶಿ ಖರೀದಿದಾರ ಇವರೆಲ್ಲರೂ ಒಂದೇ ಸರಪಳಿಯ ಕೊಂಡಿಗಳು. ದೇಶದ ಕಾಫಿಯ ಸುಮಾರು ಶೇ. 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ. ಅದರ ಬಹುಪಾಲು ವಿದೇಶಗಳಿಗೆ ಹೋಗುತ್ತದೆ. ಬೆಲೆ ಏರಿದರೆ ಲಾಭ, ಇಳಿದರೆ ನಷ್ಟ ಎಂಬ ಸರಳ ಲೆಕ್ಕವು ಇಂತಹ ಸರಪಳಿಗೆ ಸಾಲದು. ನಷ್ಟವು ಹೆಚ್ಚಾಗಿ ಸಂಭವಿಸುವುದು ಒಂದು ಕೊಂಡಿ ಮತ್ತೊಂದನ್ನು ಸೇರುವ ಸ್ಥಳದಲ್ಲಿ, ಅಂದರೆ ಸರಕು ಕೈಬಿಟ್ಟು ಹಣ ಇನ್ನೂ ಕೈಸೇರದ ಅವಧಿಯಲ್ಲಿ.

ಮಂಡಳಿಯಿಂದ ವ್ಯಕ್ತಿಗೆ

1942ರ ಕಾಫಿ ಕಾಯಿದೆಯಡಿ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದನು. ಮಂಡಳಿಯು ಹರಾಜು ನಡೆಸಿ ಹಣವನ್ನು ಕಂತುಗಳಲ್ಲಿ ನೀಡುತ್ತಿತ್ತು. ಹಣ ತಡವಾಗುತ್ತಿತ್ತಾದರೂ ಮಾರಾಟದ ಹೊಣೆ ಮಂಡಳಿಯದಾಗಿತ್ತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಸ್ಥಗಿತಗೊಂಡಿತು. 1992ರಿಂದ ಹಂತ ಹಂತವಾಗಿ ಸಡಿಲಗೊಂಡ ಪೂಲ್ ವ್ಯವಸ್ಥೆಯು 1996ರಲ್ಲಿ ಸಂಪೂರ್ಣ ಕೊನೆಗೊಂಡಿತು. ಬೆಳೆಗಾರನಿಗೆ ಸ್ವಾತಂತ್ರ್ಯ ದೊರೆಯಿತು. ಅದರೊಡನೆ ಬೆಲೆಯ ಅಪಾಯವೂ ನೇರವಾಗಿ ಅವನ ಮತ್ತು ವ್ಯಾಪಾರಿಯ ಹೆಗಲೇರಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ವಿನಿಮಯ ಕೇಂದ್ರದಲ್ಲಿ ಪೌಂಡಿಗೆ 3 ಡಾಲರ್ ಮೀರಿದ್ದ ಅರೇಬಿಕಾ, 2001ರಲ್ಲಿ 50 ಸೆಂಟ್‌ಗಿಂತ ಕೆಳಗಿಳಿದುದನ್ನು ಮಲೆನಾಡು ಮರೆತಿಲ್ಲ.

ಏರಿದ ಬೆಲೆಯೂ ಸಂಕಟವೇ

ಬೆಲೆ ಕುಸಿತದಿಂದ ರಕ್ಷಣೆ ಪಡೆಯಲು ದೊಡ್ಡ ರಫ್ತುದಾರರು ನ್ಯೂಯಾರ್ಕ್ ಮತ್ತು ಲಂಡನ್‌ಗಳ ವಾಯಿದಾ ಮಾರುಕಟ್ಟೆಯನ್ನು ಬಳಸುತ್ತಾರೆ. ಬೆಳೆಗಾರರಿಂದ ಕಾಫಿ ಖರೀದಿಸಿದ ಕೂಡಲೇ ಅಷ್ಟೇ ಪ್ರಮಾಣದ ವಾಯಿದಾ ಒಪ್ಪಂದವನ್ನು ಮಾರುವುದು ಇದರ ಕ್ರಮ. ಬೆಲೆ ಬಿದ್ದರೆ ದಾಸ್ತಾನಿನ ನಷ್ಟವನ್ನು ವಾಯಿದಾ ಲಾಭವು ತುಂಬಿಕೊಡುತ್ತದೆ.

ಆದರೆ ಬೆಲೆ ಏರಿದಾಗ ಆಗುವುದೇನು? ನ್ಯೂಯಾರ್ಕಿನ ಒಂದು ಒಪ್ಪಂದ 37,500 ಪೌಂಡ್, ಅಂದರೆ ಸುಮಾರು 17 ಟನ್. 2024ರ ಆರಂಭದಲ್ಲಿ 2 ಡಾಲರ್ ಆಸುಪಾಸಿನಲ್ಲಿದ್ದ ಅರೇಬಿಕಾ 2025ರ ಫೆಬ್ರವರಿಯಲ್ಲಿ 4 ಡಾಲರ್ ದಾಟಿತು. ಬೆಲೆ 2 ಡಾಲರ್ ಏರಿದರೆ ಪ್ರತಿ ಒಪ್ಪಂದಕ್ಕೂ 75,000 ಡಾಲರ್ ಮಾರ್ಜಿನ್ ಹಣವನ್ನು ಆಗಿಂದಾಗ್ಗೆ ಕಟ್ಟುತ್ತ ಹೋಗಬೇಕು. ಗೋದಾಮಿನ ಕಾಫಿಯ ಮೌಲ್ಯವೂ ಏರಿರುತ್ತದೆ, ನಿಜ. ಆದರೆ ಆ ಮೌಲ್ಯ ನಗದಾಗುವುದು ಸರಕು ಸಾಗಿ, ಖರೀದಿದಾರನು ಹಣ ಪಾವತಿಸಿದ ನಂತರವೇ. ಲೆಕ್ಕಪುಸ್ತಕದಲ್ಲಿ ಲಾಭನಷ್ಟ ಸರಿದೂಗಿದ್ದರೂ ಬ್ಯಾಂಕ್ ಖಾತೆ ಬರಿದಾಗಬಹುದು. ಕಡಿಮೆ ದರಕ್ಕೆ ಮುಂಗಡ ಮಾರಾಟ ಒಪ್ಪಿಕೊಂಡು ಇನ್ನೂ ಕಾಫಿ ಖರೀದಿಸದಿದ್ದವರ ಸ್ಥಿತಿಯಂತೂ ಇನ್ನೂ ಕಠಿಣ. ಅವರಿಗೆ ಸರಿದೂಗಿಸಲು ದಾಸ್ತಾನೇ ಇರುವುದಿಲ್ಲ.

ಗೋದಾಮಿನಲ್ಲಿರುವ ಕಾಫಿ ಯಾರದು?

ಇಂತಹ ಹಣದ ಮುಗ್ಗಟ್ಟು ರಫ್ತುದಾರನಲ್ಲಿಯೇ ನಿಲ್ಲುವುದಿಲ್ಲ. ಸರಪಳಿಯ ಮೂಲಕ ಹಿಂದಕ್ಕೆ ಹರಿದು ಬರುತ್ತದೆ. ಮಲೆನಾಡಿನಲ್ಲಿ ಬೆಲೆ ಏರುವ ನಿರೀಕ್ಷೆಯಿಂದ ಬೆಳೆಗಾರರು ದರ ನಿಗದಿಪಡಿಸದೆ ಕಾಫಿಯನ್ನು ವ್ಯಾಪಾರಿಯ ಬಳಿ ಇರಿಸುವ ರೂಢಿ ಇದೆ. ನಂಬಿಕೆಯೇ ಇದರ ಆಧಾರ. ಅನೇಕ ವೇಳೆ ಒಂದು ಚೀಟಿಯ ಹೊರತು ಬೇರೆ ದಾಖಲೆ ಇರುವುದಿಲ್ಲ. ಆ ಚೀಟಿಯ ಒಕ್ಕಣೆಯು ಬಹು ಮುಖ್ಯವಾದುದು. ಕಾಫಿಯನ್ನು ಕೇವಲ ಕಾಪಿಡಲು ಒಪ್ಪಿಸಿದ್ದರೆ ಒಡೆತನ ಬೆಳೆಗಾರನಲ್ಲಿಯೇ ಉಳಿಯುತ್ತದೆ. ಆದರೆ 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಬೆಲೆಯನ್ನು ಮುಂದೆ ನಿಗದಿಪಡಿಸುವಂತೆ ಬಿಟ್ಟೂ ಮಾರಾಟ ಮಾಡಬಹುದು. ಹಾಗೆ ಅರ್ಥೈಸಲ್ಪಟ್ಟಲ್ಲಿ, ಅಥವಾ ವ್ಯಾಪಾರಿಯು ಆ ಕಾಫಿಯನ್ನು ಇತರರ ಸರಕಿನೊಡನೆ ಬೆರೆಸಿ ಮಾರಿಬಿಟ್ಟಲ್ಲಿ, ವ್ಯಾಪಾರಿ ದಿವಾಳಿಯಾದಾಗ ಬೆಳೆಗಾರನು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬ್ಯಾಂಕಿನ ಅಡಮಾನ ತೀರಿದ ಮೇಲೆ ಉಳಿದುದರಲ್ಲಿ ಮಾತ್ರ ಅವನ ಪಾಲು. ವರ್ಷವಿಡೀ ದುಡಿದ ಕುಟುಂಬಕ್ಕೆ ನ್ಯೂಯಾರ್ಕಿನ ಬೆಲೆಯ ಏರಿಳಿತಕ್ಕಿಂತ ಇದು ಘೋರವಾದ ನಷ್ಟ.

ಘಾಟಿಯಿಂದ ಕೆಂಪು ಸಮುದ್ರದವರೆಗೆ

ಸಾಗಾಣಿಕೆಯ ಅಪಾಯಗಳು ಊರ ಬಾಗಿಲಿನಿಂದಲೇ ಆರಂಭವಾಗುತ್ತವೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿಯೂ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿಯೂ ಭೂಕುಸಿತ ಉಂಟಾಗಿ ಮಂಗಳೂರಿನ ಸಂಪರ್ಕ ಕಡಿದುಹೋಯಿತು. 2021ರ ಮಾರ್ಚ್‌ನಲ್ಲಿ ಒಂದೇ ಹಡಗು ಅಡ್ಡನಿಂತು ಸೂಯೆಜ್ ಕಾಲುವೆ 6 ದಿನ ಮುಚ್ಚಿತ್ತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದಾಗ ಹಡಗುಗಳು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಬಳಸಿ ಸಾಗಿದವು. ಯೂರೋಪಿನ ಪ್ರಯಾಣ 10ರಿಂದ 14 ದಿನ ದೀರ್ಘವಾಯಿತು; ಸಾಗಣೆ ವೆಚ್ಚವೂ ಏರಿತು.

ವಿಳಂಬಕ್ಕೂ ಬೆಲೆಯುಂಟು. 60 ಕಿಲೋ ತೂಕದ 320 ಚೀಲಗಳ ಒಂದು ಕಂಟೇನರ್‌ನಲ್ಲಿ 19.2 ಟನ್ ಕಾಫಿ ಇರುತ್ತದೆ. ಪೌಂಡಿಗೆ 3 ಡಾಲರ್‌ನಂತೆ ಅದರ ಮೌಲ್ಯ ಸುಮಾರು 1,27,000 ಡಾಲರ್. ಇದನ್ನು 1 ಕೋಟಿ ರೂಪಾಯಿ ಎಂದಿಟ್ಟುಕೊಂಡರೂ ಶೇ. 10ರ ಬಡ್ಡಿಯಲ್ಲಿ 14 ದಿನಗಳ ವಿಳಂಬಕ್ಕೆ 38,000 ರೂಪಾಯಿಗೂ ಹೆಚ್ಚು ಬಡ್ಡಿ ತಗಲುತ್ತದೆ. ಅದೇ ಅವಧಿಯಲ್ಲಿ ರೂಪಾಯಿ ಮೌಲ್ಯ ಡಾಲರ್ ಎದುರು ಒಂದು ರೂಪಾಯಿಯಷ್ಟು ಬಲಗೊಂಡರೆ, ವಿನಿಮಯ ದರವನ್ನು ಮುಂಗಡವಾಗಿ ಕಾಯ್ದಿರಿಸದ ರಫ್ತುದಾರನಿಗೆ ಮತ್ತೆ 1,27,000 ರೂಪಾಯಿ ಖೋತಾ.

ದಾಖಲೆಯೂ ಸರಕಿನ ಭಾಗ

ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವು ಹೊಸದೊಂದು ಹೊಣೆಯನ್ನು ತಂದಿದೆ. 2020ರ ಡಿಸೆಂಬರ್ 31ರ ನಂತರ ಅರಣ್ಯ ಕಡಿದು ಮಾಡಿದ ತೋಟದ ಕಾಫಿಗೆ ಆ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ. ಪ್ರತಿ ತೋಟದ ಭೌಗೋಳಿಕ ಸ್ಥಾನದ ವಿವರವನ್ನು ಒದಗಿಸಬೇಕು. ಜಾರಿಯ ದಿನಾಂಕವನ್ನು ಎರಡು ಬಾರಿ ಮುಂದೂಡಿದ್ದು ಸಿದ್ಧತೆಗೆ ದೊರೆತ ಕಾಲಾವಕಾಶವೇ ಹೊರತು ವಿನಾಯಿತಿಯಲ್ಲ. ಹಲವು ತೋಟಗಳ ಕಾಫಿಯನ್ನು ಒಟ್ಟುಗೂಡಿಸುವ ಸ್ಥಳೀಯ ವ್ಯಾಪಾರಿಯು ಮೂಲದ ದಾಖಲೆ ಇರಿಸದಿದ್ದಲ್ಲಿ ಉತ್ತಮ ಕಾಫಿಯೂ ತಿರಸ್ಕೃತವಾಗಬಹುದು.

ಕೈಗೊಳ್ಳಬಹುದಾದ ಕ್ರಮಗಳು

1. ಕಾಫಿ ಒಪ್ಪಿಸುವಾಗ ತೂಕ, ತೇವಾಂಶ, ಒಡೆತನ ಮತ್ತು ದರ ನಿಗದಿಯ ಕೊನೆಯ ದಿನಾಂಕವನ್ನು ಬರೆದ, ಉಭಯತ್ರರ ಸಹಿಯುಳ್ಳ ಪತ್ರ ಇರಬೇಕು.

2. 2007ರ ಉಗ್ರಾಣ ಕಾಯಿದೆಯಡಿ ನೋಂದಾಯಿತ ಗೋದಾಮು ಲಭ್ಯವಿರುವಲ್ಲಿ ಅದರ ವರ್ಗಾವಣೀಯ ರಸೀದಿಯ ಮೇಲೆ ಸಾಲ ಪಡೆಯುವುದು ವ್ಯಾಪಾರಿಯ ಬಳಿ ಸುಮ್ಮನೆ ಇರಿಸುವುದಕ್ಕಿಂತ ಕ್ಷೇಮ. ಇಡೀ ಫಸಲನ್ನು ಒಬ್ಬನೇ ವ್ಯಾಪಾರಿಗೆ ಒಪ್ಪಿಸುವುದು ಸಲ್ಲದು.

3. ವಾಯಿದಾ ವ್ಯವಹಾರಕ್ಕಿಳಿಯುವ ಮುನ್ನ ಬೆಲೆ ಇಮ್ಮಡಿಯಾದರೆ ಬೇಕಾಗುವ ಮಾರ್ಜಿನ್ ಹಣವನ್ನು ಲೆಕ್ಕಹಾಕಿ, ಅದಕ್ಕೆ ಬ್ಯಾಂಕಿನಿಂದ ಪ್ರತ್ಯೇಕ ಮಿತಿಯನ್ನು ಮಂಜೂರು ಮಾಡಿಸಿಕೊಳ್ಳಬೇಕು.

4. ಸಾಗಣೆ ದರ ಅಸ್ಥಿರವಾಗಿರುವಾಗ ಎಫ್.ಒ.ಬಿ. ಷರತ್ತಿನಲ್ಲಿ ಮಾರುವುದರಿಂದ ಹಡಗಿನ ಬಾಡಿಗೆಯ ಹೊಣೆ ಖರೀದಿದಾರನದಾಗುತ್ತದೆ. ಖರೀದಿದಾರನು ಹಣ ಕೊಡದಿರುವ ಸಂಭವಕ್ಕೆ ಇ.ಸಿ.ಜಿ.ಸಿ. ವಿಮೆ ಇದೆ.

5. ದುರ್ಬಲ ಕೊಂಡಿಯನ್ನು ಗುರುತಿಸಲು ಪ್ರತಿ ತಿಂಗಳೂ ಬಾಕಿದಾರರ ಪಟ್ಟಿಯನ್ನು ದಿನಗಳ ಲೆಕ್ಕದಲ್ಲಿ ಪರಿಶೀಲಿಸಬೇಕು.

ಅಪಾಯವಿಲ್ಲದ ವ್ಯಾಪಾರವಿಲ್ಲ. ಆದರೆ ಪ್ರತಿಯೊಂದು ಅಪಾಯವನ್ನೂ ಯಾರು ಹೊರಬೇಕೆಂಬುದು ಬರವಣಿಗೆಯಲ್ಲಿ ನಿರ್ಧಾರವಾಗದಿದ್ದರೆ, ಅದು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನ ಮೇಲೆಯೇ ಬೀಳುತ್ತದೆ. ಮುಂದಿನ ಕೊಯ್ಲು ಆರಂಭವಾಗುವುದರೊಳಗೆ ಬೆಳೆಗಾರರ ಸಂಘಗಳೂ ವ್ಯಾಪಾರಿಗಳೂ ಒಟ್ಟಾಗಿ ಕುಳಿತು ಕಾಫಿ ಇರಿಸುವ ಚೀಟಿಗೆ ಒಂದು ಮಾದರಿ ನಮೂನೆಯನ್ನು ಒಪ್ಪಿಕೊಂಡಲ್ಲಿ, ಈ ನಿಟ್ಟಿನಲ್ಲಿ ಅದು ಖರ್ಚಿಲ್ಲದ ಮೊದಲ ಹೆಜ್ಜೆಯಾಗಬಲ್ಲುದು.